ಉಪ್ಪಿನಲ್ಲಿರುವ ಸೋಡಿಯಂ ಏಕೆ ಉರಿಯುವುದಿಲ್ಲ?



ಸೋಡಿಯಂ ಲೋಹವನ್ನು ಶಾಲೆಯ ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿ ಇಟ್ಟಿರುವುದನ್ನು ನೀವು ನೋಡಿರಬಹುದು. ಅದರ ಸಣ್ಣ ಚೂರೊಂದನ್ನು ನೀರಿಗೆ ಹಾಕಿದರೆ ಬುಸುಗುಟ್ಟುತ್ತ ನೀರಿನ ಮೇಲೆಲ್ಲ ಓಡಾಡುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. (ಈ ಕೆಲಸ ಮೇಷ್ಟರಿಗೇ ಇರಲಿ, ನೀವು ಮಾಡಬೇಡಿ.) ಇನ್ನು ಕ್ಲೋರಿನ್ ಹಳದಿ-ಹಸಿರು ಬಣ್ಣದ ವಿಷಾನಿಲ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಜರ್ಮನ್ ಸೇನೆ ಬೆಲ್ಜಿಯಂನ ಈಪ್ರ ಬಳಿ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಈ ಇಬ್ಬರು ಪುಂಡರು ಸೇರಿ ಆದದ್ದು ಯಾವುದು? ಅಮ್ಮ ದಿನವೂ ಸಾರಿಗೆ ಹಾಕುವ ಉಪ್ಪು!

ಈ ಒಗಟು ದೊಡ್ಡ ದೊಡ್ಡ ವಿಜ್ಞಾನಿಗಳನ್ನೂ ಕಾಡಿತ್ತು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಎಂಬ ತರುಣ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧ ಸಲ್ಲಿಸಿದ. ಪರೀಕ್ಷಕರು ಅದಕ್ಕೆ ಕೆಳದರ್ಜೆ ಕೊಟ್ಟು ಕೈತೊಳೆದುಕೊಂಡರು. ಮೂರು ವರ್ಷಗಳ ಬಳಿಕ ಆತ ತನ್ನ ವಾದವನ್ನು ಇನ್ನೂ ಸ್ಪಷ್ಟವಾಗಿ ಮುಂದಿಟ್ಟ: ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ, ಅಂದರೆ ಅಯಾನುಗಳಾಗಿ, ತಾನಾಗಿಯೇ ಬಿಡಿಬಿಡಿಯಾಗುತ್ತದೆ. ಅನೇಕರು ನಕ್ಕರು. "ಹಾಗಾದರೆ ಉಪ್ಪುನೀರಿನಲ್ಲಿ ಸೋಡಿಯಂ ಏಕೆ ಉರಿಯುವುದಿಲ್ಲ? ಕ್ಲೋರಿನ್ನಿನ ವಾಸನೆ ಏಕೆ ಬರುವುದಿಲ್ಲ?" ಎಂಬುದು ಅವರ ಆಕ್ಷೇಪ. ಪ್ರಶ್ನೆ ಬಹಳ ಒಳ್ಳೆಯದೇ. ಅದಕ್ಕೆ ಪೂರ್ಣ ಉತ್ತರ ಕೊಡಲು ಆಗ ಎಲೆಕ್ಟ್ರಾನೇ ಗೊತ್ತಿರಲಿಲ್ಲ. ಥಾಮ್ಸನ್ ಅದನ್ನು ಕಂಡುಹಿಡಿದದ್ದು 1897ರಲ್ಲಿ. ಅರೇನಿಯಸ್‌ಗೆ ನೊಬೆಲ್ ಬಹುಮಾನ ಬಂದದ್ದು 1903ರಲ್ಲಿ.

ಈಗ ಉತ್ತರಕ್ಕೆ ಬರೋಣ. ಪರಮಾಣುವಿನ ನಡುವೆ ನ್ಯೂಕ್ಲಿಯಸ್. ಅದರ ಸುತ್ತ ಎಲೆಕ್ಟ್ರಾನುಗಳು ಕವಚ ಕವಚವಾಗಿ ಇರುತ್ತವೆ. ಸೋಡಿಯಂನಲ್ಲಿ 11 ಎಲೆಕ್ಟ್ರಾನುಗಳು: 2, 8, 1. ಕ್ಲೋರಿನ್‌ನಲ್ಲಿ 17: 2, 8, 7. ಎಲ್ಲಕ್ಕಿಂತ ಹೊರಗಿನ ಕವಚದಲ್ಲಿರುವವೇ ವೇಲೆನ್ಸ್ ಎಲೆಕ್ಟ್ರಾನುಗಳು. ಒಳಗಿನವು ಮನೆಯೊಳಗಿನವರಂತೆ, ಹೊರಗಿನ ವ್ಯವಹಾರಕ್ಕೆ ಬರುವುದಿಲ್ಲ. ಕೊಡುವುದು, ಕೊಳ್ಳುವುದು, ಪಾಲುಗಾರಿಕೆ ಎಲ್ಲ ಜಗಲಿಯ ಮೇಲೆ ಕುಳಿತವರದೇ.

ಸೋಡಿಯಂ ತನ್ನ ಒಂದು ಹೊರ ಎಲೆಕ್ಟ್ರಾನನ್ನು ಕೊಟ್ಟರೆ 2, 8 ಉಳಿಯುತ್ತದೆ. ಕ್ಲೋರಿನ್ ಒಂದನ್ನು ಪಡೆದರೆ 2, 8, 8 ಆಗುತ್ತದೆ. ಎರಡೂ ಭದ್ರವಾದ ಏರ್ಪಾಟುಗಳು. ಯಾರ ಜೊತೆಗೂ ಸುಲಭವಾಗಿ ಬೆರೆಯದ ನಿಯಾನ್ ಮತ್ತು ಆರ್ಗಾನ್ ಅನಿಲಗಳಲ್ಲಿ ಇರುವಂಥವು. ಹಾಗೆಂದು ಸೋಡಿಯಂ ನಿಯಾನ್ ಆಗಿಬಿಟ್ಟಿತು ಎಂದು ಪರೀಕ್ಷೆಯಲ್ಲಿ ಬರೆಯಬೇಡಿ! ಅದರ ನ್ಯೂಕ್ಲಿಯಸ್ಸಿನಲ್ಲಿ 11 ಪ್ರೋಟಾನುಗಳು ಹಾಗೆಯೇ ಇವೆ. ಎಲೆಕ್ಟ್ರಾನುಗಳು 10 ಆದ್ದರಿಂದ ಒಂದು ಧನ ಅಂಶ ಹೆಚ್ಚಾಗಿ ಉಳಿಯಿತು. ಅದು ಧನ ಅಯಾನು, ಕ್ಲೋರಿನ್ನಿನದು ಋಣ ಅಯಾನು.

"ಕಳೆದುಕೊಂಡರೆ ಪ್ಲಸ್ ಹೇಗೆ?" ಎಂದು ಇಂಗ್ಲಿಷಿನಲ್ಲಿ ಓದುವ ನಿಮಗೆ ಗೊಂದಲವಾಗುತ್ತದೆ. ಇಲ್ಲಿ ನಮ್ಮ ಕನ್ನಡ ಕೈಹಿಡಿಯುತ್ತದೆ, ನೋಡಿ. ಇನ್ನೊಬ್ಬರಿಂದ ತೆಗೆದುಕೊಂಡವನಿಗೆ ಋಣ. ಕೊಟ್ಟವನದು ಧನ. ಅಷ್ಟೇ! ಅಜ್ಜಿಗೆ ಹೇಳಿದರೂ ಒಪ್ಪುವ ಲೆಕ್ಕ.

ಆದರೆ ಸೋಡಿಯಂ ಎಲೆಕ್ಟ್ರಾನನ್ನು "ಸಂತೋಷದಿಂದ" ಕೊಡುತ್ತದೆ ಎಂದು ಪುಸ್ತಕಗಳು ಬರೆಯುವುದು ನನಗೆ ಅಷ್ಟು ಹಿಡಿಸದು. ಜಮಾ-ಖರ್ಚು ನೋಡಿ. ಅನಿಲರೂಪದ ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅವನ್ನು ಕ್ಲೋರಿನ್ ಪರಮಾಣುಗಳಿಗೆ ಕೊಟ್ಟಾಗ ಹಿಂದಕ್ಕೆ ಬರುವುದು 349 ಮಾತ್ರ. ಇಲ್ಲಿಗೆ ವ್ಯಾಪಾರ ನಷ್ಟ! ಲಾಭ ಬರುವುದು ಆಮೇಲೆ: ಧನ, ಋಣ ಅಯಾನುಗಳು ಒಂದನ್ನೊಂದು ಸೆಳೆದು ಸಾಲುಸಾಲಾಗಿ ಹರಳುಗಟ್ಟುವಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಗದ್ದೆಯಲ್ಲಾಗಲಿ, ಮುಂಬಯಿಯ ಭಾಂಡುಪ್ ಕಡೆಯ ಉಪ್ಪಿನ ಗದ್ದೆಯಲ್ಲಾಗಲಿ ಸಮುದ್ರದ ನೀರು ಆರಿದಾಗ ಉಳಿಯುವುದು ಇದೇ ಹರಳು.

ಅರೇನಿಯಸ್‌ನನ್ನು ನಕ್ಕವರಿಗೆ ಉತ್ತರ ಈಗ ಸಿಕ್ಕಿತಲ್ಲವೇ? ಸೋಡಿಯಂ ಲೋಹ ನೀರಿನಲ್ಲಿ ಆರ್ಭಟಿಸುವುದು ಆ ಒಂದು ಎಲೆಕ್ಟ್ರಾನನ್ನು ನೀರಿಗೆ ಒಪ್ಪಿಸುವಾಗ. ಉಪ್ಪಿನಲ್ಲಿ ಅದು ಮೊದಲೇ ಕೈಬಿಟ್ಟು ಹೋಗಿದೆ. ಒಪ್ಪಿಸಲು ಏನೂ ಇಲ್ಲ, ಆರ್ಭಟವೂ ಇಲ್ಲ.

ಇಂಥ ಶಾಂತ ಅಯಾನುಗಳೇ ಜೀವ ಉಳಿಸಿದ ಒಂದು ಸಂಗತಿ ಹೇಳುತ್ತೇನೆ. 1971ರ ಬಾಂಗ್ಲಾದೇಶ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ಸಲೈನ್ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ ರೋಗಿಗಳಿಗೆ ಕುಡಿಸಲು ನಿರ್ಧರಿಸಿದರು. ಕರುಳಿನಲ್ಲಿ ಸೋಡಿಯಂ ಅಯಾನು ಗ್ಲೂಕೋಸಿನ ಜೊತೆಯಾಗಿ ಒಳಗೆ ಹೋಗುತ್ತದೆ. ಅವುಗಳ ಹಿಂದೆ ನೀರು ಹೋಗುತ್ತದೆ. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದಲ್ಲಿ ಆ ಸಂಖ್ಯೆ 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಔಷಧಿ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣದ ಬೆನ್ನನ್ನು ಓದಿ. ಸೋಡಿಯಂ ಕ್ಲೋರೈಡ್ ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಪೊಟ್ಯಾಸಿಯಂನಲ್ಲಿ 19 ಎಲೆಕ್ಟ್ರಾನುಗಳು: 2, 8, 8, 1. ಅದರ ಅಯಾನು ಧನವೋ ಋಣವೋ, ಅದರಲ್ಲಿ ಎಷ್ಟು ಎಲೆಕ್ಟ್ರಾನುಗಳು ಉಳಿಯುತ್ತವೆ, ನೀವೇ ಬರೆದು ನೋಡಿ.