ಮಳೆಗಾಲಕ್ಕೆ ಮೊದಲು ಮನೆಯ ತಪಾಸಣೆ

ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಬಂದಾಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಹಳ್ಳಿಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಮನೆಯ ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತುತ್ತಾರೆ. ಮಾಳಿಗೆಯ ಮೇಲೆ ಅದನ್ನು ಹರಡಿ ಬಡಿಯುತ್ತಾರೆ. "ಹೋದ ವರ್ಷ ಸೋರಿತ್ತು, ಈ ವರ್ಷ ಇನ್ನಷ್ಟು ಮಣ್ಣು ಹಾಕೋಣ" ಎಂಬುದು ಅವರ ಲೆಕ್ಕ. ಈ ಲೆಕ್ಕ ಎಷ್ಟು ಸರಿ? ಸೋರಿಕೆ ನಿಲ್ಲಿಸಲು ಹಾಕಿದ ಮಣ್ಣೇ ಮನೆಯನ್ನು ಕೆಡವಬಹುದೇ? ಈ ಸಲ ಇದನ್ನು ವಿಚಾರ ಮಾಡೋಣ. ನಿಮ್ಮ ಮನೆ ಕಲ್ಲಿನ ಮಾಳಿಗೆಯದಾಗಿರಲಿ, ಪತ್ರಾಸಿನದಾಗಿರಲಿ, ಈ ಮಾತು ನಿಮಗೂ ಸಂಬಂಧಿಸಿದ್ದೇ.

ಮಣ್ಣಿನ ಮಾಳಿಗೆಯಲ್ಲಿ ನೀರು ಇಳಿಯುವುದಿಲ್ಲ ಏಕೆ?

ನಮ್ಮ ಮಾಳಿಗೆ ಮನೆಯ ರಚನೆಯನ್ನು ಒಮ್ಮೆ ತಲೆ ಎತ್ತಿ ನೋಡಿರಿ. ಗೋಡೆಗಳ ಮೇಲೆ ಅಥವಾ ಕಂಬಗಳ ಮೇಲೆ ದಪ್ಪನೆಯ ತೊಲೆ. ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು. ಜಂತಿಗಳ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು. ಎಲ್ಲಕ್ಕೂ ಮೇಲೆ ಮಣ್ಣು. ಬಿಸಿಲಿನ ನಾಡಿಗೆ ಇದು ತಕ್ಕ ಛಾವಣಿ. ದಪ್ಪ ಮಣ್ಣು ನಿಧಾನವಾಗಿ ಕಾಯುತ್ತದೆ. ಆದ್ದರಿಂದ ನಡು ಮಧ್ಯಾಹ್ನದಲ್ಲೂ ಒಳಗೆ ತಂಪು.

ಆದರೆ ಮಣ್ಣು ನೀರು ಹೀರುವ ವಸ್ತುವಲ್ಲವೇ? ಹಿರಿಯರು ಕೈಗೆ ಸಿಕ್ಕ ಮಣ್ಣನ್ನು ಮಾಳಿಗೆಗೆ ಹಾಕುವುದಿಲ್ಲ. ಸವಳು ಮಣ್ಣನ್ನು ಹುಡುಕಿ ತರುತ್ತಾರೆ. ಬೆಳೆಗೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಲವಣಗಳು ಹೆಚ್ಚು. ಸೋಡಿಯಂ ಇರುವಲ್ಲಿ ಜೇಡಿಯ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ಹರಳಾಗುವುದಿಲ್ಲ. ಮಳೆ ಹನಿ ಬಿದ್ದೊಡನೆ ಬೇರೆಬೇರೆಯಾಗಿ ಚದುರಿ ಸಣ್ಣ ರಂಧ್ರಗಳನ್ನೆಲ್ಲ ತುಂಬುತ್ತವೆ. ಮೇಲ್ಪದರ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯದೆ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಹೊಲದಲ್ಲಿ ಯಾವ ದೋಷಕ್ಕಾಗಿ ರೈತ ಈ ಮಣ್ಣನ್ನು ಬೈಯುತ್ತಾನೋ, ಮಾಳಿಗೆಯ ಮೇಲೆ ಅದೇ ಗುಣ.

ಎರೆಮಣ್ಣು ಈ ಕೆಲಸಕ್ಕೆ ಬಾರದು. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕುಗಳು ಮಾಳಿಗೆಯ ಮೇಲೂ ಮೂಡಿದರೆ ಮೊದಲ ಮಳೆಯೇ ಮನೆಯೊಳಗೆ ಬರುತ್ತದೆ.

ಭಾರದ ಲೆಕ್ಕ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿರಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಒಂದು ಕೋಣೆ. ಛಾವಣಿಯ ಕ್ಷೇತ್ರಫಲ 12 ಚದರ ಮೀಟರ್. ಪ್ರತಿ ವರ್ಷ 2 ಸೆಂಟಿಮೀಟರ್ ದಪ್ಪ ಹೊಸ ಮಣ್ಣು ಹಾಕಿದರೆ 0.24 ಘನ ಮೀಟರ್ ಮಣ್ಣು ಮೇಲೇರಿತು. ಒಣಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1600 ಕಿಲೋಗ್ರಾಂ ಎಂದು ಹಿಡಿಯಿರಿ. ಒಂದೇ ವರ್ಷಕ್ಕೆ 384 ಕಿಲೋಗ್ರಾಂ! ಮಳೆಗೆ ಸ್ವಲ್ಪ ಕೊಚ್ಚಿ ಹೋಗುತ್ತದೆ, ನಿಜ. ಏನೂ ಕೊಚ್ಚಿ ಹೋಗದಿದ್ದರೆ ಹತ್ತು ವರ್ಷಗಳಲ್ಲಿ 3.8 ಟನ್ನಿಗೂ ಹೆಚ್ಚು ಭಾರ ಕೂಡುತ್ತದೆ. ಈ ಮಣ್ಣು ನೆನೆದು, ಗಾತ್ರದ ಐದನೆಯ ಒಂದು ಭಾಗದಷ್ಟು ನೀರು ಹಿಡಿದರೆ ಮತ್ತೆ 480 ಕಿಲೋಗ್ರಾಂ. ಇದನ್ನೆಲ್ಲ ಹೊರುವ ತೊಲೆ ಮಾತ್ರ ಅಜ್ಜನ ಕಾಲದ್ದು. ಭಾರ ಏರುತ್ತಾ ಹೋದಂತೆ ಅದರ ವಯಸ್ಸೂ ಏರುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ ಸುಮಾರು 560 ಮಿಲಿಮೀಟರ್ ಮಾತ್ರ. ಅದು ಬಿಟ್ಟುಬಿಟ್ಟು ಬಂದರೆ ಮಾಳಿಗೆ ಒಣಗಲು ಬಿಡುವು ಸಿಗುತ್ತದೆ. ಬಿಡುವಿಲ್ಲದೆ ಸುರಿದರೆ? 2009ರ ಸಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಹಾಗೆಯೇ ಆಯಿತು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಹೊಳೆಯ ನೀರು ಮುಟ್ಟದ ಮನೆಗಳೂ ಕುಸಿದವು. ಗೋಡೆ ನೆನೆದು ಮೆತ್ತಗಾಯಿತು, ಮೇಲಿನ ಮಣ್ಣು ನೆನೆದು ಭಾರವಾಯಿತು. ಬಹಳ ಮಂದಿ ಪ್ರಾಣ ಕಳೆದುಕೊಂಡರು. ಮನೆ ಕಳೆದುಕೊಂಡವರಿಗಾಗಿ ಸರ್ಕಾರ 'ಆಸರೆ' ಎಂಬ ಯೋಜನೆಯನ್ನೇ ಕೈಗೊಳ್ಳಬೇಕಾಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿದಾಗಲೂ ದಂಡೆಯ ಹಳ್ಳಿಗಳ ಮಣ್ಣಿನ ಮನೆಗಳು ಬಿದ್ದವು.

ಆದ್ದರಿಂದ ಮೊದಲ ನಿಯಮ: ಹೊಸ ಮಣ್ಣು ಹಾಕುವ ಮೊದಲು ಅಷ್ಟೇ ಹಳೆಯ ಮಣ್ಣನ್ನು ಕೆರೆದು ಇಳಿಸಬೇಕು.

ಸೋರುವ ಜಾಗ ಯಾವುದು?

ಇಡೀ ಮಾಳಿಗೆಗೆ ಮಣ್ಣು ಹಾಕುವುದೆಂದರೆ ಹಲ್ಲುನೋವಿಗೆ ಮೈಗೆಲ್ಲ ಔಷಧ ಹಚ್ಚಿದಂತೆ. ಸೋರುವುದು ಸಾಮಾನ್ಯವಾಗಿ ಒಂದೆರಡು ಕಡೆ. ಅದನ್ನು ಹುಡುಕುವ ಕೆಲಸ ನಿಮ್ಮದು.

ಕೋಣೆಯೊಳಗೆ ಜಂತಿಯ ಮೇಲೆ ಹಳೆಯ ನೀರಿನ ಕಲೆ ಎಲ್ಲಿದೆ ನೋಡಿ, ಸೀಮೆಸುಣ್ಣದಿಂದ ಗುರುತು ಮಾಡಿರಿ. ಎರಡು ಗೋಡೆಗಳಿಂದ ಆ ಗುರುತಿಗೆ ಇರುವ ದೂರವನ್ನು ಅಳೆಯಿರಿ. ಗೋಡೆಯ ದಪ್ಪವನ್ನು ಸೇರಿಸಿ ಅದೇ ಅಳತೆಯನ್ನು ಮಾಳಿಗೆಯ ಮೇಲೆ ಹಿಡಿದರೆ ಜಾಗ ಸಿಗುತ್ತದೆ. ನೀರು ಜಂತಿಗುಂಟ ಹರಿದು ಬೇರೆಡೆ ತೊಟ್ಟಿಕ್ಕುವುದುಂಟು. ಹಾಗಾಗಿ ಗುರುತಿನ ನೇರ ಮೇಲೆ ಏನೂ ಕಾಣದಿದ್ದರೆ ಇಳಿಜಾರಿನ ಮೇಲ್ಬದಿಗೆ ಹುಡುಕಿರಿ.

ಹೆಚ್ಚಾಗಿ ತಪ್ಪು ಕಂಡುಬರುವ ಜಾಗಗಳು ಮೂರು. ಒಂದು, ಬೆಳಕಿಂಡಿಯ ಸುತ್ತಲಿನ ಕಟ್ಟೆ. ಎರಡು, ಕುಂಬಿಗೋಡೆ ಮಾಳಿಗೆಯನ್ನು ಕೂಡುವ ಮೂಲೆ. ಮೂರು, ನೀರು ಹೊರಗೆ ಬೀಳುವ ದೋಣಿಯ ಬಾಯಿ. ಒಣಗಿದ ಎಲೆ, ಹಕ್ಕಿಯ ಗೂಡು, ಮಕ್ಕಳ ಚೆಂಡು, ಇವುಗಳಿಂದ ದೋಣಿ ಕಟ್ಟಿಕೊಂಡರೆ ಮಾಳಿಗೆಯೇ ಕೆರೆ. ಹನ್ನೆರಡು ಚದರ ಮೀಟರಿನ ಮೇಲೆ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೂ 120 ಲೀಟರ್! ದೋಣಿ ಸ್ವಚ್ಛ ಮಾಡಲು ಹಣ ಬೇಕಿಲ್ಲ, ಹತ್ತು ನಿಮಿಷ ಸಾಕು.

ಇನ್ನೊಂದು ಮಾತು. ಪಟ್ಟಣಗಳ ಬಂಗಲೆಗಳ ಮುಂದೆ ಹುಲ್ಲುಹಾಸು ಬೆಳೆಸಿ ಕತ್ತರಿಸುವುದನ್ನು ನೀವು ನೋಡಿರಬಹುದು. ನಮ್ಮ ಕಡೆ ಹುಲ್ಲು ಬೆಳೆಯುವುದು ಮಾಳಿಗೆಯ ಮೇಲೆ! ನೋಡಲು ಚೆಂದ, ಮನೆಗೆ ಕೇಡು. ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಹುಲ್ಲು ಎಳೆಯದಾಗಿರುವಾಗಲೇ ಬೇರುಸಹಿತ ತೆಗೆದು, ಆ ಜಾಗಕ್ಕೆ ಹಸಿಮಣ್ಣು ಒತ್ತಿ ಬಡಿಯಬೇಕು. ಗೋಡೆಯ ಸಂದಿಯಲ್ಲಿ ಆಲ ಅಥವಾ ಅರಳಿಯ ಸಸಿ ಮೂಡಿದ್ದರೆ ಇದೇ ವರ್ಷ ಕೀಳಿರಿ. ಮುಂದಿನ ವರ್ಷ ಅದು ಕಲ್ಲನ್ನೇ ಸರಿಸುತ್ತದೆ.

ಐಹೊಳೆಯಲ್ಲೊಂದು ಪಾಠ

ಬಾದಾಮಿ, ಇಳಕಲ್ ಕಡೆ ಕಲ್ಲಿನ ಹಾಸು ಹೊದಿಸಿದ ಮನೆಗಳೂ ಬಹಳ. ಇಲ್ಲಿ ಕಲ್ಲು ಸೋರುವುದಿಲ್ಲ, ಸೋರುವುದು ಸಂದು. ಚಾಲುಕ್ಯರ ಕಾಲದ ಕುಶಲಿಗಳಿಗೆ ಇದು ಗೊತ್ತಿತ್ತು. ಹುನಗುಂದ ತಾಲ್ಲೂಕಿನ ಐಹೊಳೆಗೆ ಪ್ರವಾಸ ಹೋದಾಗ ಲಾಡಖಾನ್ ಗುಡಿಯ ಛಾವಣಿಯನ್ನು ನೋಡಿರಿ. ಇಳಿಜಾರಾಗಿ ಹಾಸಿದ ಕಲ್ಲುಗಳ ಪ್ರತಿ ಸಂದಿನ ಮೇಲೂ ಉದ್ದನೆಯ ಕಲ್ಲಿನ ಪಟ್ಟಿಯೊಂದನ್ನು ಮುಚ್ಚಳದಂತೆ ಇಟ್ಟಿದ್ದಾರೆ. ನೀರು ಪಟ್ಟಿಯಿಂದ ಜಾರಿ ಹಾಸಿನ ಮೇಲೆ ಬಿದ್ದು ಹರಿಯುತ್ತದೆ, ಸಂದಿಗೆ ಹೋಗುವುದಿಲ್ಲ. ಒಂದು ಕಾಲಕ್ಕೆ ಲಾಡಖಾನ್ ಎಂಬಾತ ಅಲ್ಲಿ ವಾಸವಾಗಿದ್ದುದರಿಂದ ಗುಡಿಗೆ ಆ ಹೆಸರು ಬಂದಿತೆನ್ನುತ್ತಾರೆ.

ನಿಮ್ಮ ಮನೆಯ ಹಾಸುಗಲ್ಲಿನ ಸಂದು ಬಿಟ್ಟಿದ್ದರೆ ಮೇಲೆ ಗಾರೆ ಸವರಿದರೆ ಸಾಲದು. ಸಡಿಲವಾದ ಹಳೆಯ ಗಾರೆಯನ್ನು ಎರಡು ಬೆರಳು ಆಳದವರೆಗೆ ಕೆರೆದು ತೆಗೆಯಿರಿ. ಧೂಳು ಗುಡಿಸಿ, ನೀರು ಚಿಮುಕಿಸಿ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳು ಕಲಸಿ ಒತ್ತಿ ತುಂಬಿರಿ. ಮೇಲೆ ಸ್ವಲ್ಪ ಉಬ್ಬಾಗಿ ಬಿಡಿರಿ. ಈ ಕೆಲಸ ಸಂಜೆ ಮಾಡುವುದು ಲೇಸು. ನಮ್ಮ ಮೇ ತಿಂಗಳ ಬಿಸಿಲಿಗೆ ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿ ಸೀಳುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರುಣಿಸಿರಿ.

ಪತ್ರಾಸಿನ ಮನೆಯವರು ಮೊಳೆ, ಬೋಲ್ಟುಗಳನ್ನು ನೋಡಬೇಕು. ಅವು ತಗಡಿನ ಉಬ್ಬಿನಲ್ಲಿರಬೇಕು, ತಗ್ಗಿನಲ್ಲಲ್ಲ. ನೀರು ಹರಿಯುವುದು ತಗ್ಗಿನಲ್ಲಿ. ಸೀಳಿದ ವಾಷರುಗಳನ್ನು ಬದಲಾಯಿಸಿರಿ.

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಈ ಜಾಗ್ರತೆ ಇನ್ನೂ ಅಗತ್ಯ. ಕುಣಿಮಗ್ಗವೆಂದರೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಒಳಗೆ ಬಂದ ನೀರು ಮೊದಲು ನಿಲ್ಲುವುದು ಆ ಕುಣಿಯಲ್ಲೇ. ಮೇಲಿಂದ ಬಿದ್ದ ಒಂದು ಕೆಸರಿನ ಹನಿ ಹಲವು ದಿನಗಳ ನೇಯ್ಗೆಯನ್ನು ಕೆಡಿಸಬಲ್ಲದು. ಅಲ್ಲಿ ಮಾಳಿಗೆ ಸೋರಿದರೆ ಊಟಕ್ಕೇ ಸಂಚಕಾರ.

ಗೋಡೆಯ ಬಿರುಕು ಏನು ಹೇಳುತ್ತದೆ?

ಬಿರುಕು ಕಂಡೊಡನೆ ಮುಚ್ಚಬೇಡಿರಿ. ಮೊದಲು ಅದು ಬೆಳೆಯುತ್ತಿದೆಯೇ ತಿಳಿಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಕಾಗದದ ಪಟ್ಟಿಯನ್ನು ಬಿಗಿಯಾಗಿ ಅಂಟಿಸಿ ತಾರೀಖು ಬರೆಯಿರಿ. ಎರಡು ತಿಂಗಳಲ್ಲಿ ಕಾಗದ ಹರಿದರೆ ಗೋಡೆ ಇನ್ನೂ ಚಲಿಸುತ್ತಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಹೆಚ್ಚಾಗಿ ತಳಪಾಯದ ದೂರು. ಎರೆನೆಲದ ಮೇಲಿನ ಮನೆಗಳಲ್ಲಿ ಇದು ಸಾಮಾನ್ಯ. ನೆಲ ಉಬ್ಬಿ ಕುಗ್ಗಿದಂತೆ ತಳಪಾಯವೂ ಏರಿಳಿಯುತ್ತದೆ. ಕಾಗದ ಹರಿಯದೆ ಉಳಿದರೆ ಬಿರುಕನ್ನು ತುಂಬಬಹುದು.

ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಗಟ್ಟಿ ಎಂಬ ನಂಬಿಕೆ ಹಲವರಲ್ಲಿದೆ. ನೆಲದ ತೇವ ಗೋಡೆಯಲ್ಲಿ ಮೇಲೇರುತ್ತದೆ. ಮಣ್ಣು, ಸುಣ್ಣಗಳ ಮೂಲಕ ಅದು ಆವಿಯಾಗಿ ಹೊರಬೀಳುತ್ತದೆ. ಸಿಮೆಂಟು ದಾರಿ ಕಟ್ಟಿದರೆ ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಹೊರಗಿನಿಂದ ಗೋಡೆ ಚೆನ್ನಾಗಿಯೇ ಕಾಣುತ್ತದೆ! ಮಣ್ಣಿನ ಗೋಡೆಗೆ ಮಣ್ಣಿನದೇ ಗಿಲಾವು, ಮೇಲೆ ಸುಣ್ಣ ಸರಿ. ಸುಣ್ಣ ಕಲಸುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಸಿಡಿದರೆ ಕೂಡಲೇ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರ ಬಳಿಗೆ ಹೋಗಬೇಕು.

ಅಂಗಳದ ಇಳಿಜಾರು

ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು. ಗೋಡೆಯಿಂದ ಒಂದು ಮೀಟರ್ ದೂರಕ್ಕೆ ನೆಲ 5 ಸೆಂಟಿಮೀಟರಾದರೂ ಇಳಿದಿರಬೇಕು. ಅಳೆಯುವುದು ಹೇಗೆ? ಗೌಂಡಿಗಳ ಬಳಿ ಇರುವ ಪಾರದರ್ಶಕ ಕೊಳವೆಯನ್ನು ನೋಡಿದ್ದೀರಲ್ಲ? ಅದರಲ್ಲಿ ನೀರು ತುಂಬಿ ಎರಡೂ ತುದಿಗಳನ್ನು ಎತ್ತಿ ಹಿಡಿದರೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪಾಠದಲ್ಲಿ ಓದಿದ ನಿಯಮ ಅಂಗಳದಲ್ಲಿ ಕೆಲಸಕ್ಕೆ ಬಂತು. ಬಚ್ಚಲ ನೀರನ್ನು ಗೋಡೆಯಿಂದ ದೂರ ಹಿತ್ತಲಿನ ಗಿಡಗಳಿಗೆ ತಿರುಗಿಸಿರಿ. ನೀರು ಹರಿಯುವ ದಾರಿಯಲ್ಲಿ ಕರಕಿ ಹುಲ್ಲು ಬೆಳೆದರೆ ಒಳ್ಳೆಯದೇ, ಅದು ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ. ಮಾಳಿಗೆಯ ಮೇಲೆ ಬೇಡವಾದ ಹುಲ್ಲಿಗೆ ಅಂಗಳದಲ್ಲಿ ಸ್ಥಾನವಿದೆ.

ಇವನ್ನು ನೀವೇ ಮಾಡಬೇಡಿರಿ

ತೊಲೆಯ ಪರೀಕ್ಷೆ ನಿಮ್ಮಿಂದ ಸಾಧ್ಯ, ರಿಪೇರಿ ಅಲ್ಲ. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಗೋಡೆಯೊಳಗೆ ಸೇರುವ ತುದಿಯಲ್ಲಿ ದಬ್ಬಣ ಸುಲಭವಾಗಿ ಇಳಿದರೆ, ಗೆದ್ದಲಿನ ಮಣ್ಣಿನ ಸಾಲು ಕಂಡರೆ, ಬಡಿಗೇರರನ್ನೂ ಗೌಂಡಿಗಳನ್ನೂ ಕರೆಸಬೇಕು. ಅಂಥ ಮಾಳಿಗೆಯ ಮೇಲೆ ಯಾರೂ ಹತ್ತಬಾರದು. ಗಟ್ಟಿ ಮಾಳಿಗೆಗೂ ಒಬ್ಬರೇ ಹತ್ತಬೇಡಿರಿ, ಹಿರಿಯರೊಬ್ಬರು ಏಣಿ ಹಿಡಿದಿರಲಿ. ಸೋರುವ ಜಾಗದ ಹತ್ತಿರ ವಿದ್ಯುತ್ ತಂತಿ ಇದ್ದರೆ ಮೊದಲು ಮೇನ್ ಸ್ವಿಚ್ ಆರಿಸಿರಿ.

ಇನ್ನು ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಎರಡು ದಿನ ಬಿಡದೆ ಮಳೆ ಹಿಡಿದಾಗ ಈ ಚಿಹ್ನೆಗಳನ್ನು ಗಮನಿಸಿರಿ: ಜಂತಿಗಳ ನಡುವಿನಿಂದ ಮಣ್ಣು ಉದುರುವುದು, ಸಲೀಸಾಗಿ ಹಾಕುತ್ತಿದ್ದ ಬಾಗಿಲು ಒಮ್ಮೆಲೇ ಬಿಗಿಯಾಗುವುದು, ತೊಲೆ ಕಿರುಗುಟ್ಟುವುದು, ಗೋಡೆ ಹೊಟ್ಟೆ ಬಿಡುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಶಾಲೆಯಲ್ಲೋ ಗುಡಿಯಲ್ಲೋ ನೆಂಟರ ಮನೆಯಲ್ಲೋ ರಾತ್ರಿ ಕಳೆಯಿರಿ. "ಇಷ್ಟು ವರ್ಷ ಏನೂ ಆಗಿಲ್ಲ, ಈಗೇನಾಗುತ್ತದೆ?" ಎಂದು ಹಿರಿಯರು ಅನ್ನಬಹುದು. ಆಗ ಅವರೊಂದಿಗೆ ವಾದಿಸಬೇಡಿರಿ. ಕಾಗದದ ಮೇಲೆ ಮಾಡಿದ ಆ ಭಾರದ ಲೆಕ್ಕವನ್ನು ಅವರ ಮುಂದಿಡಿರಿ.

ಮಾಡಿ ನೋಡಿರಿ: ನಿಮ್ಮ ಮನೆಯ ಒಂದು ಕೋಣೆಯ ಉದ್ದ, ಅಗಲ, ಮಾಳಿಗೆಯ ಮಣ್ಣಿನ ದಪ್ಪ ಅಳೆದು ತೂಕ ಲೆಕ್ಕ ಹಾಕಿರಿ. ಸವಳು ಮಣ್ಣು, ಎರೆಮಣ್ಣು, ಕೆಂಪುಮಣ್ಣುಗಳನ್ನು ತೂತಿರುವ ಮೂರು ಡಬ್ಬಿಗಳಲ್ಲಿ ಸಮನಾಗಿ ಒತ್ತಿ ತುಂಬಿ, ಒಂದೊಂದು ಲೋಟ ನೀರು ಹೊಯ್ಯಿರಿ. ಯಾವುದರಿಂದ ನೀರು ಮೊದಲು ಕೆಳಗಿಳಿಯಿತು? ಯಾವುದರಿಂದ ಕೊನೆಗೆ? ಉತ್ತರವನ್ನು ಈ ಸಲ ಮಾಳಿಗೆಗೆ ಮಣ್ಣು ತರುವವರಿಗೆ ತಿಳಿಸಿರಿ.