ಮಾಸ್ಸಿಮೊ ದಾಜೇಲಿಯೊ: ಕಾದಂಬರಿಕಾರನೂ ಮಂತ್ರಿಯೂ

ಇಟಲಿ ದೇಶವು ಒಂದುಗೂಡಿದ ಚರಿತ್ರೆಯಲ್ಲಿ ಮಾಜಿನಿ, ಗರಿಬಾಲ್ಡಿ, ಕವೂರ್ ಇವರ ಹೆಸರುಗಳು ಕೇಳಿಬರುವಷ್ಟು ಮಾಸ್ಸಿಮೊ ದಾಜೇಲಿಯೊ ಎಂಬಾತನ ಹೆಸರು ಕೇಳಿಬರುವುದಿಲ್ಲ. ಬಂದರೂ, ಇಟಲಿಯಾದ ಮೇಲೆ ಇನ್ನು ಇಟಲಿಯವರು ಆಗಬೇಕೆಂಬ ಪ್ರಸಿದ್ಧೋಕ್ತಿಯೊಡನೆಯೇ ಬರುವುದುಂಟು. ರೂಢಿಯಲ್ಲಿರುವ ರೂಪದಲ್ಲಿ ಆ ಮಾತು ಆತನದಲ್ಲ. ಆತನು ಗತಿಸಿದ ಬಹುಕಾಲದ ಮೇಲೆ ಇತರರು ಅಡಕಮಾಡಿದುದು. ಆತನ ಸ್ವಂತ ಅಭಿಪ್ರಾಯವು ಇದಕ್ಕಿಂತಲೂ ಕಟುವಾದುದು.

ದಾಜೇಲಿಯೊ 1798ರಲ್ಲಿ ಟೂರಿನ್ ನಗರದ ಸರದಾರ ಮನೆತನವೊಂದರಲ್ಲಿ ಜನಿಸಿದನು. ಆ ವರ್ಗದವರಿಗೆ ಸೈನ್ಯವೇ ಯೋಗ್ಯವಾದ ವೃತ್ತಿಯೆನಿಸಿದ್ದರೂ, ಆತನು ಅದನ್ನು ಬಿಟ್ಟು ರೋಮಿಗೆ ಹೋಗಿ ಚಿತ್ರಕಲೆಯನ್ನು ಕಲಿತನು. 1831ರಲ್ಲಿ ಮಿಲಾನಿನಲ್ಲಿ ಪ್ರಸಿದ್ಧ ಕಾದಂಬರಿಕಾರ ಮಂಜೋನಿಯ ಮಗಳು ಜೂಲಿಯಳನ್ನು ವರಿಸಿದನು. 1503ರಲ್ಲಿ ಬಾರ್ಲೆತ್ತಾದ ಬಳಿ ಹದಿಮೂರು ಮಂದಿ ಇಟಲಿಯ ವೀರರು ಅಷ್ಟೇ ಮಂದಿ ಫ್ರೆಂಚರನ್ನು ಸೋಲಿಸಿದ ಪ್ರಸಂಗವನ್ನು ಚಿತ್ರಿಸುತ್ತಿದ್ದಾಗ, ಕುಂಚದಿಂದ ಹೇಳಲಾಗದುದು ಬಹಳವಿದೆಯೆಂದು ತೋರಿ, ಅದೇ ವಸ್ತುವನ್ನು ಕಥೆಯಾಗಿ ಬರೆಯತೊಡಗಿದನು. 1833ರಲ್ಲಿ ಹೊರಬಿದ್ದ ‘ಎತ್ತೊರೆ ಫಿಯೆರಮೋಸ್ಕ’ ಎಂಬ ಕಾದಂಬರಿಯೇ ಅದು. ಮಿಲಾನ್ ಆಗ ಆಸ್ಟ್ರಿಯದ ವಶದಲ್ಲಿದ್ದಿತು. ಮುನ್ನೂರು ವರ್ಷಗಳ ಹಿಂದಿನ ಕಥೆ, ಅದರಲ್ಲಿಯೂ ಫ್ರೆಂಚರೊಡನೆ ನಡೆದ ಕಾಳಗ. ಸರಕಾರದ ಪರೀಕ್ಷಕರು ಅದನ್ನು ಅಚ್ಚಿಗೆ ಬಿಟ್ಟರು. ಓದುಗರಿಗೆ ಮಾತ್ರ ಪರಕೀಯರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾವ್ಯಗುಣದಲ್ಲಿ ಇದು ಮಾವನ ಕೃತಿಗೆ ಸಾಟಿಯಲ್ಲ, ಪ್ರಣಯಭಾಗವಂತೂ ಸಾಮಾನ್ಯವಾದುದು. ಆದರೆ ಅಳುಕಿದ್ದ ಜನಕ್ಕೆ ತಮ್ಮ ಪೌರುಷವನ್ನು ನೆನಪಿಗೆ ತರುವುದರಲ್ಲಿ ಅದು ಸಫಲವಾಯಿತು.

ಗುಪ್ತಸಂಘಗಳ ದಂಗೆಗಳಲ್ಲಿ ಆತನಿಗೆ ನಂಬಿಕೆಯಿರಲಿಲ್ಲ. 1845ರಲ್ಲಿ ಪೋಪರ ಆಳಿಕೆಗೆ ಸೇರಿದ್ದ ರೊಮಾನ್ಯ ಪ್ರಾಂತದಲ್ಲಿ ಸಂಚರಿಸಿ, ಮರುವರ್ಷ ಅಲ್ಲಿಯ ದುರಾಡಳಿತವನ್ನೂ, ದಂಗೆಯೆದ್ದವರ ಅವಿವೇಕವನ್ನೂ ಒಟ್ಟಿಗೆ ಖಂಡಿಸುವ ಕಿರುಹೊತ್ತಗೆಯನ್ನು ತನ್ನ ಹೆಸರಿನಿಂದಲೇ ಪ್ರಕಟಿಸಿದನು. ಬಹಿರಂಗವಾದ ಲೋಕಾಭಿಪ್ರಾಯವೇ ಆತನ ಆಯುಧ. ಇದರ ಫಲವಾಗಿ ಟಸ್ಕನಿಯಿಂದ ಹೊರಡಬೇಕಾಯಿತು. ಆದರೂ ಲೇಖನಿಯೊಂದನ್ನೇ ನಂಬಿದವನಲ್ಲ. 1848ರ ಯುದ್ಧದಲ್ಲಿ ವಿಚೆಂಜದ ಬಳಿ ಕಾಲಿಗೆ ಗುಂಡಿನ ಗಾಯವಾಯಿತು.

ಮರುವರ್ಷ ನೊವಾರದಲ್ಲಿ ಪೀಡ್‍ಮಂಟ್ ಪೂರ್ಣವಾಗಿ ಸೋತಾಗ, ಹೊಸ ದೊರೆ ವಿಕ್ಟರ್ ಇಮ್ಯಾನುಯೆಲನು ಈತನನ್ನು ಪ್ರಧಾನಮಂತ್ರಿಯನ್ನಾಗಿ ಕರೆದನು. ಆಸ್ಟ್ರಿಯದೊಡನೆ ಸಂಧಿಯನ್ನು ಒಪ್ಪಲು ಪ್ರತಿನಿಧಿಸಭೆ ಹಿಂಜರಿಯಿತು. ಸಭೆಯನ್ನು ವಿಸರ್ಜಿಸಿ, ಮೊಂಕಲಿಯೇರಿಯಿಂದ ದೊರೆಯ ಹೆಸರಿನಲ್ಲಿ ಮತದಾರರಿಗೆ ಕೊಟ್ಟ ಪ್ರಕಟನೆಯು ದಾಜೇಲಿಯೊ ರಚಿಸಿದುದು. ಅದರಲ್ಲಿ ಬೆದರಿಕೆಯ ಸ್ವರವಿದ್ದುದು ನಿಜ. ರಾಜನನ್ನು ಚುನಾವಣೆಯ ಅಂಗಳಕ್ಕೆ ಇಳಿಸಿದುದು ಸಂವಿಧಾನಕ್ಕೆ ಒಪ್ಪುವ ನಡತೆಯಲ್ಲವೆಂಬ ಆಕ್ಷೇಪಣೆಯೂ ಬಲವಾದುದು. ಆದರೆ ಹೊಸ ಸಭೆಯು 1850ರ ಜನವರಿಯಲ್ಲಿ ಸಂಧಿಯನ್ನು ಅಂಗೀಕರಿಸಿತು. ಇಟಲಿಯ ಇತರ ಸಂಸ್ಥಾನಗಳಲ್ಲಿ ರಾಜ್ಯಾಂಗಗಳು ಅಳಿದುಹೋದಾಗ, ಪೀಡ್‍ಮಂಟಿನದು ಉಳಿಯಿತು. ಅದು ಉಳಿಯದಿದ್ದರೆ ಕವೂರನಿಗೆ ಕೆಲಸ ನಡೆಸಲು ನೆಲೆಯೇ ಇರುತ್ತಿರಲಿಲ್ಲ. ಆ ಕವೂರನನ್ನು ಅದೇ ವರ್ಷ ಮಂತ್ರಿಮಂಡಲಕ್ಕೆ ಸೇರಿಸಿಕೊಂಡವನೂ ದಾಜೇಲಿಯೊ. 1852ರಲ್ಲಿ ಸ್ಥಾನವನ್ನು ಬಿಟ್ಟುಕೊಟ್ಟುದೂ ಆತನಿಗೇ.

ಕಡೆಯ ವರ್ಷಗಳಲ್ಲಿ ಬರೆಯತೊಡಗಿದ ‘ನನ್ನ ನೆನಪುಗಳು’ ಎಂಬ ಆತ್ಮಚರಿತ್ರೆಯೇ ಆತನ ಗ್ರಂಥಗಳಲ್ಲಿ ಶ್ರೇಷ್ಠ. ಅರಮನೆ, ಗುರುಗಳು, ರೋಮಿನ ಹೊರವಲಯದ ಹಳ್ಳಿಗಳು, ತನ್ನ ತಾರುಣ್ಯದ ತಪ್ಪುಗಳು ಎಲ್ಲವನ್ನೂ ಸಲೀಸಾಗಿ, ನಗುತ್ತ ನಿರೂಪಿಸಿದ್ದಾನೆ. ಆದರೆ ಉದ್ದೇಶವು ವಿನೋದವಲ್ಲ. ಜನರು ತಾವು ಹಿಂದಿನಂತೆಯೇ ಇದ್ದುಕೊಂಡು ದೇಶವನ್ನು ಮಾತ್ರ ಹೊಸದುಮಾಡಹೊರಟರೆಂಬುದು, ಆ ಕಾರಣ ಇಟಲಿಯ ಶತ್ರು ಹೊರಗಿನವನಲ್ಲವೆಂಬುದು ಅದರ ಮುಖ್ಯ ದೂರು. 1866ರಲ್ಲಿ ಆತನು ಮಡಿದನು. ಗ್ರಂಥವು ಮರುವರ್ಷ ಅಚ್ಚಾಯಿತು. ಕಥನವು 1848ಕ್ಕೆ ಮುಂಚೆಯೇ ನಿಂತುಹೋಗಿರುವುದರಿಂದ, ಮಂತ್ರಿತ್ವದ ಕಾಲದ ಆತನ ಮನಸ್ಸನ್ನು ತಿಳಿಯಲು ಎರಡನೆಯ ಹೆಂಡತಿ ಲೂಯಿಜ ಬ್ಲೋಂಡೆಲಳಿಗೆ ಬರೆದ ಪತ್ರಗಳನ್ನು ನೋಡಬೇಕಾಗುತ್ತದೆ.