ಅಜ್ಜನ ರೆಕಾರ್ಡ್ ಪ್ಲೇಯರ್ ಯಾರ ಕೈಗೆ?

ಪ್ರಶ್ನೆ: ಅಜ್ಜನ ಗ್ಯಾರಾರ್ಡ್ ರೆಕಾರ್ಡ್ ಪ್ಲೇಯರ್ ನಿಧಾನವಾಗಿ ತಿರುಗುತ್ತಿದೆ. ನಂಬಿ ಯಾರಿಗೆ ಕೊಡಬಹುದು?
– ಓದುಗರು, ಪಾಂಡವಪುರ

ಉತ್ತರ: ಬೋರ್ಡು ಹಾಕಿಕೊಂಡ ತಜ್ಞರು ನಿಮ್ಮ ಸುತ್ತಮುತ್ತ ಸಿಗುವುದು ಕಷ್ಟ. ಮೈಸೂರಿನಲ್ಲಿ ವಾಲ್ವ್ ರೇಡಿಯೊ ರಿಪೇರಿ ಮಾಡಿ ಪಳಗಿದ ಹಿರಿಯರನ್ನು ವಿಚಾರಿಸಿ. ಆಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡಿ. ಬಿಚ್ಚುವ ಮೊದಲೇ ‘ಮೋಟಾರ್ ಹೋಗಿದೆ ಸಾರ್’ ಎನ್ನುವವರ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ. ಹೆಚ್ಚಿನ ಸಲ ಮೋಟಾರ್ ನೆಟ್ಟಗೇ ಇರುತ್ತದೆ. ಹಳೇ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ, ಇಲ್ಲವೇ ಮೋಟಾರಿಗೂ ತಟ್ಟೆಗೂ ನಡುವಿನ ರಬ್ಬರ್ ಚಕ್ರ ಒಣಗಿ ಜಾರುತ್ತಿರುತ್ತದೆ. ಒಳ್ಳೆಯ ಮೆಕ್ಯಾನಿಕ್ ಮೊದಲು ಆ ಚಕ್ರವನ್ನು ಉಗುರಿನಿಂದ ಒತ್ತಿ ನೋಡುತ್ತಾನೆ.

ಒಂದು ಮಾತು ಕೇಳಿಬಿಡಿ: ಅಜ್ಜ ಅದನ್ನು ಅಮೆರಿಕದಿಂದ ತರಿಸಿದ್ದರೇ? ಅಲ್ಲಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಎ.ಸಿ. ಮೋಟಾರಾದರೆ ನಿಮಿಷಕ್ಕೆ 33⅓ ಸುತ್ತಬೇಕಾದ ತಟ್ಟೆ 28ರ ಆಸುಪಾಸಿಗೆ ಇಳಿಯುತ್ತದೆ. ಆಗ ಮೋಟಾರಿನ ಪುಲ್ಲಿ ಬದಲಿಸಬೇಕು.

ಸುಧಾರಣೆಗೆ ದುಡ್ಡು ಹಾಕುವುದಿದ್ದರೆ ಸೂಜಿಗೇ ಹಾಕಿ. 78ರ ಅರಗಿನ ತಟ್ಟೆಗೆ ಸುಮಾರು 75 ಮೈಕ್ರಾನ್ ತುದಿ ಬೇಕು. ಎಲ್‌ಪಿಗೆ ಅದರ ಮೂರನೇ ಒಂದು ಭಾಗವೂ ಸಾಕು. ಕಳಚಿದ ಹಳೇ ಭಾಗಗಳನ್ನು ಮರೆಯದೆ ವಾಪಸ್ ಇಸಿದುಕೊಳ್ಳಿ.